ದುಡ್ಡು ಕಟ್ಟಿದರೆ ‘ಸರ್ಕಾರಿ ಮಾನ್ಯತೆ’ಯ ಇಂಟರ್ನ್‌ಶಿಪ್: ಸತ್ಯಾಂಶ ಏನು?

ಮಂಗಳೂರು, ಉಡುಪಿ ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜು ಓಡಾಡುತ್ತಿದೆ. "ಎಂಎಸ್‌ಎಂಇ, ಐಎಸ್‌ಒ, ಎಐಸಿಟಿಇ ಮಾನ್ಯತೆಯ ಇಂಟರ್ನ್‌ಶಿಪ್. ಫೀಸು ಕಟ್ಟಿ, ಸರ್ಟಿಫಿಕೇಟ್ ಪಡೆಯಿರಿ. ಇದಿಲ್ಲದೆ ಡಿಗ್ರಿ ಇಲ್ಲ."

ಇದರಲ್ಲಿ ಸ್ವಲ್ಪ ನಿಜವೂ ಇದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಬಿಇಯಲ್ಲಿ ಇಂಟರ್ನ್‌ಶಿಪ್ ಕಡ್ಡಾಯ, ಅದಕ್ಕೆ ಕ್ರೆಡಿಟ್ಟೂ ಇದೆ. ಆದರೆ ಇಂಥದ್ದೇ ಕಂಪನಿಗೆ ದುಡ್ಡು ಕಟ್ಟಬೇಕು ಅಂತ ಎಲ್ಲೂ ಇಲ್ಲ.

ಇನ್ನು ಆ ಮೂರು ಮುದ್ರೆಗಳು. ಎಂಎಸ್‌ಎಂಇ ಅಂದರೆ ಸಣ್ಣ, ಮಧ್ಯಮ ಉದ್ದಿಮೆಗಳು ಸರ್ಕಾರದಲ್ಲಿ ಮಾಡಿಸುವ ‘ಉದ್ಯಮ್’ ನೋಂದಣಿ. 2020ರ ಜುಲೈಯಿಂದ ಇದು ಆನ್‌ಲೈನಿನಲ್ಲಿ ಉಚಿತ. ವ್ಯಾಪಾರ ಮಾಡುವವರು ತಮ್ಮ ವಿವರ ತಾವೇ ತುಂಬುತ್ತಾರೆ, ನಂಬರ್ ಬರುತ್ತದೆ. ಹಂಪನಕಟ್ಟೆಯ ಜೆರಾಕ್ಸ್ ಅಂಗಡಿಗೂ ಅದು ಸಿಗುತ್ತದೆ ಮಾರಾಯ್ರೆ! ಪಾಠ ಚೆನ್ನಾಗಿದೆಯಾ ಅಂತ ಅಲ್ಲಿ ಯಾರೂ ನೋಡುವುದಿಲ್ಲ. ಐಎಸ್‌ಒ 9001 ಅನ್ನುವ ಗುಣಮಟ್ಟದ ಸರ್ಟಿಫಿಕೇಟ್ ಸಂಸ್ಥೆಯ ಕೆಲಸದ ಪದ್ಧತಿಗೆ ಕೊಡುವಂಥದ್ದು, ನಿಮ್ಮ ಕಲಿಕೆಗೆ ಅಲ್ಲ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇಗೆ ತನ್ನದೇ ಇಂಟರ್ನ್‌ಶಿಪ್ ಪೋರ್ಟಲ್ ಇದೆ, ವಿದ್ಯಾರ್ಥಿಗಳ ನೋಂದಣಿ ಉಚಿತ.

ನಮ್ಮ ಪಕ್ಕದ ಮನೆಯ ಹುಡುಗ ಹೀಗೇ ಒಂದು ಕಡೆ ದುಡ್ಡು ಕಟ್ಟಿದ್ದ. ಸಿಕ್ಕಿದ್ದು ನಾಲ್ಕು ರೆಕಾರ್ಡ್ ಮಾಡಿದ ವಿಡಿಯೋ, ಒಂದು ಪಿಡಿಎಫ್. ಅದರಲ್ಲಿ ಅವನ ಹೆಸರೂ ತಪ್ಪು! ಮುಂದೆ ಇಂಟರ್‌ವ್ಯೂನಲ್ಲಿ ಸರ್ಟಿಫಿಕೇಟನ್ನು ಯಾರೂ ಕೇಳಲಿಲ್ಲ. "ಏನು ಮಾಡಿದ್ದಿ, ಕೋಡ್ ತೋರಿಸು" ಅಂದರಂತೆ. ಅವನು ತೋರಿಸಿದ್ದು ಸುಮ್ನೆ ರಜೆಯಲ್ಲಿ ಮಾವನ ಅಂಗಡಿಗೆ ಮಾಡಿಕೊಟ್ಟ ಬಿಲ್ಲಿಂಗ್ ಪ್ರೋಗ್ರಾಂ.

ಮೆಸೇಜು ಬಂದರೆ ಹಣ ಕಳಿಸುವ ಮೊದಲು ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸರನ್ನು ಒಮ್ಮೆ ಕೇಳಿ.