ಟೋಕಿಯೊ ಅಂತ ಹೇಳಿ ಇಳಿಸಿದ್ದೆಲ್ಲಿ?

ಕ್ರೂಸ್ ಬ್ರೋಷರ್‌ನಲ್ಲಿ ದೊಡ್ಡಕ್ಷರದಲ್ಲಿ ‘ಟೋಕಿಯೊ’. ಹಡಗು ನಿಂತಿದ್ದು ಯೊಕೊಹಾಮಾದಲ್ಲಿ. ಅದೂ ಊರ ನಡುವಿನ ಚೆಂದದ ಓಸಾನ್‌ಬಾಶಿಯಲ್ಲಲ್ಲ, ಡೈಕೊಕು ಧಕ್ಕೆಯಲ್ಲಿ. ಓಸಾನ್‌ಬಾಶಿಗೆ ಹೋಗುವ ದಾರಿಯಲ್ಲಿರುವ ಬೇ ಬ್ರಿಡ್ಜ್ ನೀರಿನಿಂದ ಸುಮಾರು 55 ಮೀಟರ್ ಎತ್ತರ; ನಮ್ಮದರಂಥ ಭಾರಿ ಹಡಗು ಅದರಡಿ ನುಸುಳುವುದಿಲ್ಲ. ಸರಿ, ಸೇತುವೆಯ ತಪ್ಪಲ್ಲ. ಟಿಕೆಟ್ ಮಾರುವಾಗ ಇದನ್ನು ಹೇಳೋಕೆ ಏನು ಧಾಡಿ?

ಬಾಲ್ಕನಿಯಿಂದ ಕಂಡಿದ್ದು ಹಡಗು ಹತ್ತಲು ಸಾಲಾಗಿ ನಿಂತ ಹೊಸ ಕಾರುಗಳು. ನಡೆದು ಹೊರಗೆ ಹೋಗುವ ಹಾಗಿಲ್ಲ, ಬಸ್ಸಿಗೇ ಕಾಯಬೇಕು. ಅದಕ್ಕೂ ಮೊದಲು ಇಮಿಗ್ರೇಷನ್: ಎರಡೂ ತೋರುಬೆರಳು ಒತ್ತಿ, ಕ್ಯಾಮೆರಾ ನೋಡಿ. ಸಾವಿರಾರು ಜನ, ತಿರುಪತಿ ಕ್ಯೂ ಥರ. ಸಿಬ್ಬಂದಿಯೋ, ಪ್ರತಿಯೊಬ್ಬರಿಗೂ ತಲೆಬಾಗಿ ವಂದಿಸುತ್ತಾರೆ. ಸಿಟ್ಟು ಮಾಡಿಕೊಳ್ಳೋಕೂ ಬಿಡಲ್ಲ!

ಮುಂದೆ ‘ಕ್ಯೋಟೊ’ ಅಂದದ್ದು ಕೋಬೆ. ಕ್ಯೋಟೊ ನಗರಕ್ಕೆ ಸಮುದ್ರವೇ ಇಲ್ಲ, ಸ್ವಾಮಿ. ರೈಲು ಹಿಡಿದು ಹೋಗಿ, ದೇವಸ್ಥಾನದ ಬಾಗಿಲಲ್ಲಿ ಫೋಟೊ ತೆಗೆದು, ಗಡಿಯಾರ ನೋಡುತ್ತಾ ವಾಪಸ್ ಓಟ. ‘ಫುಜಿ’ ಅಂದದ್ದು ಶಿಮಿಜು. ಪರ್ವತ ಇಡೀ ದಿನ ಮೋಡದೊಳಗೆ.

ನಾಗಸಾಕಿ ಒಂದೇ ಮರ್ಯಾದೆ ಉಳಿಸಿತು. ಹಡಗಿಳಿದು ಸ್ವಲ್ಪ ನಡೆದರೆ ಟ್ರಾಮು, ಗುಡ್ಡದ ಮೇಲೆ ಗ್ಲೋವರ್ ಗಾರ್ಡನ್, ಪಕ್ಕದಲ್ಲೇ ಓಉರಾ ಚರ್ಚು. ಅಲ್ಲೂ ಸಸ್ಯಾಹಾರಿಗೆ ಊಟದ ಪರದಾಟವೇ: ಬರೀ ತರಕಾರಿ ಉಡೋನ್ (ದಪ್ಪ ಗೋಧಿ ನೂಡಲ್ಸ್) ಅಂದುಕೊಂಡರೆ ಅದರ ತಿಳಿಸಾರು ಕುದ್ದಿರುವುದೇ ಒಣಮೀನಿನ ಚೂರಿನಲ್ಲಿ. ಕೊನೆಗೆ ಕಡಲೇಬೀಜ ತಿಂದೆ. ಇಂಥ ಊರಿಗೂ ಕೊಟ್ಟಿದ್ದು ಮಧ್ಯಾಹ್ನ ನಾಲ್ಕರವರೆಗೆ ಮಾತ್ರ. ಆ ಡೈಕೊಕುವಿಗೆ ಮಾತ್ರ ರಾತ್ರಿ ಹನ್ನೊಂದರ ತನಕ!