ಒಣಗುತ್ತೆ ಬಿಡಿ ಸಾರ್

ಇದನ್ನು ಬರೆಯುವ ಹೊತ್ತಿಗೆ ನಮ್ಮ ಹತ್ತಿ ಹಾಸಿಗೆ ಮಹಡಿ ಮೇಲೆ ನಾಲ್ಕನೇ ದಿನ ಬಿಸಿಲು ಕಾಯುತ್ತಿದೆ. ನೋಡಿದರೆ ಒಣಗಿದ ಹಾಗಿದೆ, ಒತ್ತಿದರೆ ನೀರು. ಮನೆಮಂದಿಯೆಲ್ಲ ಚಾಪೆ ಮೇಲೆ. ಬೆನ್ನು ಮಾತ್ರ ಬೇರೆ ಕಥೆ ಹೇಳುತ್ತಿದೆ.

ಶಿರಾ ಗೇಟಿನಿಂದ ಬಟವಾಡಿಗೆ ಮನೆ ಬದಲಾಯಿಸಿದೆವು. ತುಮಕೂರೊಳಗೇ. ಗಾಡಿ ಸ್ಟ್ಯಾಂಡಿನಲ್ಲಿ ಕೇಳಿದರೆ ಓಪನ್ ಟಾಟಾ ಏಸ್‌ಗೆ 1,200, ಸುತ್ತ ಮುಚ್ಚಿದ ಡಬ್ಬ ಗಾಡಿಗೆ 1,800. ನಾನು ಡಬ್ಬವೇ ಇರಲಿ ಅಂದೆ. ಚಿತ್ತಾ ಮಳೆ ಬೇರೆ. ನಿಜ ಹೇಳಬೇಕೆಂದರೆ ಮಳೆಗಿಂತ ಜಾಸ್ತಿ ಭಯ ಊರಿನ ಕಣ್ಣಿಗೆ. ಹರಿದ ಹಾಸಿಗೆ, ಹಿಡಿ ಕಿತ್ತ ಬಕೆಟ್ಟು, ಮೂರು ಕಾಲಿನ ಸ್ಟೂಲು. ಹದಿನೈದು ವರ್ಷದ ಸಂಸಾರ ಬಿ.ಎಚ್. ರಸ್ತೆಯಲ್ಲಿ ಮೆರವಣಿಗೆ ಹೋಗುವುದು ಬೇಡ ಅಂತ.

ಡ್ರೈವರನ್ನು ಕೇಳಿದೆ, 'ಬೀರು ಹಿಡಿಯುತ್ತಾ?'

'ಹಿಡಿಯುತ್ತೆ ಬಿಡಿ ಸಾರ್.'

'ಫ್ರಿಜ್ಜು ನಿಂತುಕೊಂಡೇ ಬರಬೇಕು. ಮಲಗಿಸಿದರೆ ಕಂಪ್ರೆಸರ್ ಎಣ್ಣೆ ಪೈಪಿಗೆ ಇಳಿಯುತ್ತೆ.'

'ನಿಲ್ಲುತ್ತೆ ಬಿಡಿ ಸಾರ್.'

'ಒಂದೇ ಟ್ರಿಪ್ಪಲ್ಲಿ ಆಗುತ್ತಾ?'

'ಆಗುತ್ತೆ ಬಿಡಿ ಸಾರ್.'

ಈ ಮನುಷ್ಯನಿಗೆ 'ಇಲ್ಲ' ಅನ್ನುವ ಪದವನ್ನು ಯಾರೂ ಹೇಳಿಕೊಟ್ಟಿಲ್ಲ. ಭೂಮಿ ತಿರುಗೋದು ನಿಂತರೆ ಅಂತ ಕೇಳಿದ್ದರೂ 'ತಿರುಗುತ್ತೆ ಬಿಡಿ ಸಾರ್' ಅನ್ನುತ್ತಿದ್ದ.

ಫ್ರಿಜ್ಜು ನಿಂತಿತು, ಒಪ್ಪಿಕೊಳ್ಳುತ್ತೇನೆ. ಬೀರು ಆರೂವರೆ ಅಡಿ, ಡಬ್ಬದ ಬಾಗಿಲು ಐದೂವರೆ. ಮಲಗಿಸಿದರೆ ಉದ್ದಕ್ಕೆ ಹಿಡಿಯುತ್ತದೆ, ಏಸ್‌ನ ತೊಟ್ಟಿ ಏಳು ಅಡಿ ಚಿಲ್ಲರೆ ಇರುತ್ತದಲ್ಲ. ಆದರೆ ಅಮ್ಮ ಅಡ್ಡ ನಿಂತರು. 'ಲಕ್ಷ್ಮಿ ಇರೋ ಬೀರು ಕಣೋ, ಹೆಣದ ಹಾಗೆ ಮಲಗಿಸ್ತೀಯಾ?' ಅದರೊಳಗೆ ಇದ್ದದ್ದು ಹಳೇ ಕರೆಂಟ್ ಬಿಲ್ಲು ಮತ್ತು ನುಸಿಗುಳಿಗೆ. ಆದರೂ ಸುಮ್ಮನಾದೆ.

ಹಾಗಾಗಿ ಡಬ್ಬ ಒಂದು ಟ್ರಿಪ್ಪು ಹೋಗಿ ಬಂತು, ಬೀರು, ಹಾಸಿಗೆ, ಡ್ರೆಸ್ಸಿಂಗ್ ಟೇಬಲ್ಲಿಗೆ ಅವನ ತಮ್ಮನ ಓಪನ್ ಗಾಡಿಯೂ ಬಂತು. 1,800ರಲ್ಲಿ ಮುಗಿಸಲು ಯೋಚಿಸಿದವನಿಗೆ 3,000 ಬಿತ್ತು. ಟಾರ್ಪಾಲು ಕೇಳಿದೆ. 'ಮಳೆ ಬರಲ್ಲ ಬಿಡಿ ಸಾರ್.' ಅಂತೂ 'ಇಲ್ಲ' ಅನ್ನೋದು ಅವನಿಗೂ ಗೊತ್ತಿತ್ತು!

ಗೂಡ್ಸ್ ಗಾಡಿಯ ಹಿಂದೆ ಜನ ಕೂರಬಾರದು, ಗೊತ್ತು. ಕನ್ನಡಿ ಹಿಡಿಯುವವರು ಯಾರು? ಅಮ್ಮ ಮುಂದೆ, ನಾನು ಹಿಂದೆ ಹಾಸಿಗೆ ಮೇಲೆ ಕನ್ನಡಿ ತಬ್ಬಿಕೊಂಡು ಕೂತೆ. ಟೌನ್ ಹಾಲ್ ಸರ್ಕಲ್‌ನಲ್ಲಿ ಕೆಂಪು ದೀಪ. ಅಲ್ಲೇ ಹನಿ ಶುರು. ಕನ್ನಡಿಯಲ್ಲಿ ಹಿಂದಿನ ಬೈಕು ಕಂಡಿತು. ಬೈಕಿನ ಮೇಲೆ ನಾನು ಪಾಠ ಮಾಡುವ ಸೆಕೆಂಡ್ ಪಿಯುಸಿಯ ಇಬ್ಬರು ಹುಡುಗರು. ನಾನು ಕನ್ನಡಿಯನ್ನು ಅವರ ಕಡೆ ತಿರುಗಿಸಿ ಅದರ ಹಿಂದೆ ಮುಖ ಮುಚ್ಚಿಕೊಂಡೆ. ಅವರಿಗೆ ಅವರದೇ ಮುಖ ಕಾಣಲಿ ಅಂತ. ಉಪಯೋಗವಾಗಲಿಲ್ಲ.

'ಸಾರ್! ಹಾಸಿಗೆ ನೆನೀತಿದೆ ಸಾರ್!'

ಇಡೀ ಸರ್ಕಲ್ ತಿರುಗಿ ನೋಡಿತು. ಪಕ್ಕದ ಬಸ್ಸಿನ ಕಿಟಕಿಯಲ್ಲಿದ್ದ ಅಜ್ಜಿಯೊಬ್ಬರು ಹಾಸಿಗೆಯ ಹರಿದ ಭಾಗ ನೋಡಿ 'ಅಯ್ಯೋ ಪಾಪ' ಅಂದರು. ಆ ಸಿಗ್ನಲ್ಲು ಅಷ್ಟು ಹೊತ್ತು ಕೆಂಪಾಗಿದ್ದನ್ನು ನಾನು ಯಾವತ್ತೂ ನೋಡಿಲ್ಲ. ಕ್ಲಾಸಿನಲ್ಲಿ ಕರೆಂಟಿನ ಪಾಠ ಮಾಡುವಾಗ ಒಬ್ಬನೂ ಅಷ್ಟು ಗಮನ ಕೊಟ್ಟವನಲ್ಲ.

ಬಟವಾಡಿಯಲ್ಲಿ ಬೀರು ಒರೆಸುತ್ತಾ ಅಮ್ಮ ಹೇಳಿದರು. ಇದು ಅವರ ಮದುವೆಯ ಬೀರು. ಗುಬ್ಬಿ ಕಡೆಯ ಹಳ್ಳಿಯಿಂದ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ನಿಂತುಕೊಂಡೇ ಬಂದದ್ದು. ಸುತ್ತ ಹಿತ್ತಾಳೆ ಕೊಳಗ, ಹೊಸ ಹಾಸಿಗೆ. ತಾತ ಡ್ರೈವರಿಗೆ 'ನಿಧಾನ ಓಡಿಸಪ್ಪಾ, ನಾಲ್ಕು ಜನ ನೋಡಲಿ' ಅಂದಿದ್ದರಂತೆ. ಬೀರುವಿನ ಕಾಲಿನ ಹತ್ತಿರ ಹಗ್ಗ ಉಜ್ಜಿದ ಗೀರು ಇನ್ನೂ ಇದೆ. ಅಮ್ಮ ಅದನ್ನು ಬೆರಳಲ್ಲಿ ಸವರಿದರು. ನನಗೆ ಏನೂ ಹೇಳಲು ತೋಚಲಿಲ್ಲ.

ನಿನ್ನೆ ಬಾಕಿ 200 ರೂಪಾಯಿ ಕೇಳಲು ಡ್ರೈವರ್ ಫೋನ್ ಮಾಡಿದ್ದ. ಹಾಸಿಗೆ ವಿಷಯ ಎತ್ತಿದೆ. ಏನು ಹೇಳಿದ ಅಂತ ನಿಮಗೆ ಗೊತ್ತಲ್ವಾ? ಇರಿ, ಮೋಡ ಕವಿಯುತ್ತಿದೆ. ಹಾಸಿಗೆ ಮಗುಚಿ ಬರುತ್ತೇನೆ.