ಟೀಚರಿಗೆ ಟರ್ಬೊ ಯಾಕೆ?

ನಿನ್ನೆ ಸಂಜೆ ಗೆಳತಿಯೊಬ್ಬಳ ಜೊತೆ ಕಾರಿನ ಶೋರೂಮಿಗೆ ಹೋಗಿ ಬಂದ ಮೇಲೆ ಹತ್ತಿದ ಸಿಟ್ಟು ಇವತ್ತು ಬೆಳಿಗ್ಗೆಯಾದರೂ ಇಳಿದಿಲ್ಲ. ಆಕೆ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಟೀಚರ್. ಮನೆ ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲದ ಆಚೆ ಗುಡ್ಡದ ಮೇಲೆ, ಶಾಲೆ ಕುಂಬಳೆಯ ಕಡೆ. ಒಂದು ಲೀಟರಿನ ಟರ್ಬೊ ಪೆಟ್ರೋಲ್ ಇಂಜಿನ್ನಿನ ಹ್ಯಾಚ್‌ಬ್ಯಾಕನ್ನು (ಹಿಂದೆ ಡಿಕ್ಕಿ ಚಾಚದ ಸಣ್ಣ ಕಾರನ್ನು) ನೋಡಬೇಕೆಂದು ಆಕೆ ಹೇಳಿದ ಕೂಡಲೇ ಅಲ್ಲಿದ್ದ ಯುವಕ ಕೈಯಲ್ಲಿದ್ದ ಕ್ಯಾಟಲಾಗನ್ನು ಮಡಚಿಟ್ಟು, “ಟೀಚರಿಗೆ ಟರ್ಬೊ ಯಾಕೆ? ಅದು ಹುಡುಗರು ತೆಗೊಳ್ಳುವ ಗಾಡಿ. ನಿಮಗೆ ಶಾಲೆಗೆ ಹೋಗಿ ಬರ್ಲಿಕ್ಕಲ್ಲವಾ, ಟರ್ಬೊ ಇಲ್ಲದ ಸಾದಾ 1.2 ಲೀಟರ್ ಇಂಜಿನ್ ಧಾರಾಳ ಸಾಕು” ಎಂದ. ನಾನು ಅಂಥದ್ದೇ ಗಾಡಿಯನ್ನು ದಿನವೂ ಓಡಿಸುತ್ತೇನೆ ಎಂದಾಗ, “ವಕೀಲರಿಗೆ ಅರ್ಜೆಂಟ್ ಇರ್ತದೆ ಮೇಡಂ” ಎಂದು ನಕ್ಕ. ಆ ನಗುವಿಗೆ ಅಲ್ಲಿ ಉತ್ತರ ಕೊಡಲಿಲ್ಲ, ಇಲ್ಲಿ ಕೊಡುತ್ತಿದ್ದೇನೆ.

ನನ್ನ ಗಾಡಿ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿದೆ, ಕೆಲವರು ಅದರಲ್ಲಿ ಕುಳಿತು ಮಂಗಳೂರಿಗೂ ಬಂದಿದ್ದೀರಿ. ಮೂರು ಸಿಲಿಂಡರಿನ ಒಂದು ಲೀಟರ್ ಪೆಟ್ರೋಲ್ ಇಂಜಿನ್, ಅದಕ್ಕೊಂದು ಟರ್ಬೊ, ಕೈಯಲ್ಲಿ ಹಾಕುವ ಗೇರು. ಬದಿಯಡ್ಕದ ಕಡೆಯಿಂದ ನೆಲ್ಲಿಕಟ್ಟೆ, ಎಡನೀರು, ಚೆರ್ಕಳದ ದಾರಿಯಾಗಿ ವಿದ್ಯಾನಗರದ ಕೋರ್ಟಿಗೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ಹಿಂದಿರುಗುವುದು, ನಡುವೆ ಕಾಸರಗೋಡು ಪೇಟೆಯ ಕೆಲಸಗಳು, ಮನೆಯವರ ಆಸ್ಪತ್ರೆಯ ಓಡಾಟವಿದ್ದರೆ ದೇರಳಕಟ್ಟೆ. ಇದು ರೇಸಿನ ದಾರಿಯಲ್ಲ, ಹೊಟ್ಟೆಪಾಡಿನ ದಾರಿ. ಈ ದಾರಿಗೆ ಟರ್ಬೊ ಹೆಚ್ಚಾಯಿತು ಎನ್ನುವವರು ಆ ಪುಟ್ಟ ಯಂತ್ರ ಏನು ಮಾಡುತ್ತದೆ ಎಂಬುದನ್ನೇ ತಿಳಿದುಕೊಂಡಿಲ್ಲ ಎಂದು ನಾನು ಖಂಡಿತವಾಗಿ ಹೇಳಬಲ್ಲೆ.

ಇಂಜಿನ್ ಉಗುಳುವ ಬಿಸಿ ಹೊಗೆ ಸೈಲೆನ್ಸರಿನ ಮೂಲಕ ಸುಮ್ಮನೆ ಹೊರಗೆ ಹೋಗಿ ವ್ಯರ್ಥವಾಗುತ್ತದೆ. ಆ ಹೊಗೆಯ ದಾರಿಯಲ್ಲಿ ಒಂದು ಸಣ್ಣ ಚಕ್ರವನ್ನಿಟ್ಟು, ಅದರ ಕಡ್ಡಿಯ ಇನ್ನೊಂದು ತುದಿಗೆ ಮತ್ತೊಂದು ಚಕ್ರವನ್ನು ಕೂರಿಸಿದರೆ, ಹೊಗೆಯ ಒತ್ತಡದಿಂದಲೇ ಹೊಸ ಗಾಳಿಯನ್ನು ಇಂಜಿನ್ನಿನೊಳಗೆ ಒತ್ತಿ ತುಂಬಬಹುದು. ಗಾಳಿ ಹೆಚ್ಚು ಸಿಕ್ಕಿದಷ್ಟು ಇಂಧನವನ್ನೂ ಹೆಚ್ಚು ಉರಿಸಬಹುದು, ಆದ್ದರಿಂದ ಸಣ್ಣ ಇಂಜಿನ್ ಅಗತ್ಯ ಬಿದ್ದಾಗ ದೊಡ್ಡ ಇಂಜಿನ್ನಿನ ಕೆಲಸ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರ್ ಇದಕ್ಕೆ 1905ರಲ್ಲಿ ಪೇಟೆಂಟ್ ಪಡೆದದ್ದು ಹುಡುಗರ ಶೋಕಿಗಾಗಿ ಅಲ್ಲ, ವ್ಯರ್ಥವಾಗುವ ಶಕ್ತಿಯನ್ನು ಮರಳಿ ದುಡಿಸುವುದಕ್ಕಾಗಿ. ಮೊದಲು ಇದು ಗಟ್ಟಿಯಾಗಿ ನೆಲೆಯೂರಿದ್ದು ಹಡಗಿನ ಮತ್ತು ಲಾರಿಯ ಡೀಸೆಲ್ ಇಂಜಿನ್‌ಗಳಲ್ಲಿ.

ನನಗೆ ಅತ್ಯಂತ ಬೇಸರ ತರಿಸುವ ಸಂಗತಿ ಇಲ್ಲೇ ಇದೆ. ಮಾರುತಿಯವರು 2007ರಲ್ಲಿ ಸ್ವಿಫ್ಟ್ ಡೀಸೆಲನ್ನು ತಂದಾಗ ನಮ್ಮ ಊರುಗಳಲ್ಲಿ ಅದನ್ನು ಕೊಂಡವರು ಯಾರು? ಅಡಿಕೆ ತೋಟದವರು, ಬ್ಯಾಂಕಿನವರು, ಮೇಷ್ಟರುಗಳು, ಬಾಡಿಗೆ ಓಡಿಸುವವರು. ಅದರ 1.3 ಲೀಟರ್ ಇಂಜಿನ್ನಿನ ಶಕ್ತಿ ಬರೀ 75 ಪಿಎಸ್ (ಅಶ್ವಶಕ್ತಿಯ ಅಳತೆ) ಆಗಿದ್ದರೂ ಎಳೆತ, ಅಂದರೆ ಟಾರ್ಕ್, 190 ನ್ಯೂಟನ್ ಮೀಟರ್ ಇತ್ತು, ಅದೂ ಇಂಜಿನ್ ನಿಮಿಷಕ್ಕೆ 2,000 ಸುತ್ತು (ಆರ್‌ಪಿಎಂ) ತಿರುಗುವಾಗಲೇ ಸಿಗುತ್ತಿತ್ತು. ಆ ಎಳೆತವನ್ನು ಕೊಟ್ಟದ್ದು ಟರ್ಬೊ. “ಒಳ್ಳೆ ಪಿಕಪ್ ಉಂಟು, ಗುಡ್ಡಕ್ಕೆ ಆರಾಮವಾಗಿ ಹತ್ತುತ್ತದೆ” ಎಂದು ಎಲ್ಲರೂ ಮೆಚ್ಚಿದರೇ ಹೊರತು, ಮೇಷ್ಟರಿಗೆ ಟರ್ಬೊ ಯಾಕೆ ಎಂದು ಯಾರೂ ಕೇಳಲಿಲ್ಲ. 2020ರ ಏಪ್ರಿಲಿನಲ್ಲಿ ವಾಹನಗಳ ಹೊಗೆಗೆ ಕಡಿವಾಣ ಹಾಕುವ ಬಿಎಸ್–6 ನಿಯಮ ಜಾರಿಗೆ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಬಿಟ್ಟಿತು. ಉಳಿದ ಸಣ್ಣ ಡೀಸೆಲ್‌ಗಳೂ ಹೆಚ್ಚುಕಡಿಮೆ ಹಾಗೆಯೇ ಹೋದವು. ಆ ಜಾಗವನ್ನು ಈಗ ತುಂಬಬಲ್ಲದ್ದು ಸಣ್ಣ ಟರ್ಬೊ ಪೆಟ್ರೋಲ್ ಮಾತ್ರ. ಡೀಸೆಲಿನಲ್ಲಿದ್ದಾಗ ಸಂಸಾರಸ್ಥರ ಜಾಣ್ಮೆ ಎನಿಸಿಕೊಂಡ ಅದೇ ಯಂತ್ರ ಪೆಟ್ರೋಲಿಗೆ ಬಂದ ಕೂಡಲೇ ಹುಡುಗಾಟವಾದದ್ದು ಹೇಗೆ?

ಲೆಕ್ಕ ಬೇಕಾದವರಿಗೆ ಲೆಕ್ಕವನ್ನೂ ಕೊಡುತ್ತೇನೆ. 2020ರ ಕೊನೆಗೆ ಬಂದ ಹುಂಡೈ ಐ20ಯಲ್ಲಿ ಎರಡೂ ಬಗೆಯ ಪೆಟ್ರೋಲ್ ಇಂಜಿನ್‌ಗಳಿದ್ದವು. ಟರ್ಬೊ ಇಲ್ಲದ 1.2 ಲೀಟರ್ ಇಂಜಿನ್ ಸುಮಾರು 115 ನ್ಯೂಟನ್ ಮೀಟರ್ ಎಳೆತವನ್ನು 4,200 ಆರ್‌ಪಿಎಂಗೆ ಏರಿದ ಮೇಲೆ ಕೊಡುತ್ತದೆ. ಒಂದು ಲೀಟರ್ ಟರ್ಬೊ 172 ನ್ಯೂಟನ್ ಮೀಟರನ್ನು 1,500ರಿಂದ 4,000 ಆರ್‌ಪಿಎಂವರೆಗೂ ಕೊಡುತ್ತದೆ. ದಿನನಿತ್ಯ ಗಾಡಿ ಓಡಿಸುವ ನಾವು 4,200ಕ್ಕೆ ಎಷ್ಟು ಸಲ ಹೋಗುತ್ತೇವೆ? ನಾವು ಇರುವುದೇ ಎರಡು ಸಾವಿರದ ಆಸುಪಾಸಿನಲ್ಲಿ. ಅಂದರೆ ಇಂಜಿನನ್ನು ಅರಚಿಸದೆ ಮೆಲ್ಲಗೆ ಓಡಿಸುವವರಿಗೇ ಟರ್ಬೊ ಹೆಚ್ಚು ಉಪಕಾರಿ, ಅರಚಿಸುವ ಹುಡುಗರಿಗೆ ಸಾದಾ ಇಂಜಿನ್ನಿನಲ್ಲೂ ಬೇಕಾದ ವೇಗ ಸಿಕ್ಕೇ ಸಿಗುತ್ತದೆ.

ಎಡನೀರು ದಾಟಿದ ಮೇಲಿನ ಏರು ತಿರುವುಗಳನ್ನು ಮಳೆಗಾಲದ ಸಂಜೆ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಮುಂದೆ ಕೆಂಪುಕಲ್ಲು ತುಂಬಿದ ಲಾರಿ, ಅದರ ಟಯರಿನಿಂದ ನಮ್ಮ ಗಾಜಿಗೆ ಎರಚುವ ಕೆಸರು, ಹಿಂದೆ ಹಾರ್ನನ್ನು ಬಿಡದೆ ಒತ್ತುವ ಖಾಸಗಿ ಬಸ್ಸು. ಎರಡು ತಿರುವುಗಳ ನಡುವೆ ಎದುರಿನ ದಾರಿ ಕಾಣುವುದು ಸ್ವಲ್ಪ ದೂರ ಮಾತ್ರ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಏರುವ ಲಾರಿಯನ್ನು ನೀವು 45ರ ವೇಗದಲ್ಲಿ ದಾಟುವಿರಾದರೆ ಎಷ್ಟು ಹೊತ್ತು ತಪ್ಪು ಬದಿಯಲ್ಲಿ ಇರಬೇಕಾಗುತ್ತದೋ, 60ರಲ್ಲಿ ದಾಟಿದರೆ ಅದರ ಅರ್ಧ ಹೊತ್ತು ಸಾಕು. ನನ್ನ ಹಳೆಯ ಸಾದಾ ಗಾಡಿಯಲ್ಲಿ ಆ ಏರಿನಲ್ಲಿ ಆಕ್ಸಿಲರೇಟರನ್ನು ನೆಲಕ್ಕೆ ಮುಟ್ಟಿಸಿದರೂ ಸದ್ದು ಏರುತ್ತಿತ್ತೇ ವಿನಾ ವೇಗ ಏರುತ್ತಿರಲಿಲ್ಲ. ಮೂರನೆಯ ಗೇರಿನಿಂದ ಎರಡಕ್ಕೆ ಇಳಿಸಿ, ಎಸಿಯನ್ನು ಆರಿಸಿ ದಾಟಬೇಕಾಗುತ್ತಿತ್ತು. ಮಳೆಯಲ್ಲಿ ಎಸಿ ಆರಿಸಿದರೆ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ನೋಡನೋಡುತ್ತಿದ್ದಂತೆ ಒಳಗಿನ ಗಾಜು ಮಂಜಾಗಿ ಎದುರಿನಿಂದ ಬರುವ ದೀಪ ಎರಡೋ ನಾಲ್ಕೋ ತಿಳಿಯದಂತಾಗುತ್ತದೆ. ದಾಟಲು ಶಕ್ತಿ ಬೇಕೆಂದರೆ ಕಣ್ಣನ್ನು ಒತ್ತೆ ಇಡಬೇಕು ಎಂಬ ಸ್ಥಿತಿ ಅದು. ಈಗಿನ ಗಾಡಿಯಲ್ಲಿ ನಾಲ್ಕು ಜನ ಕುಳಿತಿರುವಾಗಲೂ ಎಸಿ ಆರಿಸುವ ಪ್ರಶ್ನೆಯೇ ಬರುವುದಿಲ್ಲ. ಎರಡನೆಯ ಗೇರಿಗೆ ಇಳಿಸಿ ಕಾಲು ಒತ್ತಿದರೆ ಒಂದು ಕ್ಷಣದ ತಡೆಯ ನಂತರ ಗಾಡಿ ಮುಂದಕ್ಕೆ ನುಗ್ಗುತ್ತದೆ, ಲಾರಿ ಹಿಂದಾಗುತ್ತದೆ, ನಾನು ನನ್ನ ಬದಿಗೆ ಮರಳಿರುತ್ತೇನೆ. ಇದನ್ನು ವೇಗದ ಹುಚ್ಚು ಎನ್ನುವವರ ಜೊತೆ ನನಗೆ ರಾಜಿಯಿಲ್ಲ.

“ಅದೆಲ್ಲ ಗುಡ್ಡದ ಮಾತು, ಪೇಟೆಯಲ್ಲಿ ಏನು?” ಎಂದು ಕೇಳುವವರಿದ್ದಾರೆ. ಕೇಳಲಿ. ತಲಪಾಡಿಯಿಂದ ಚೆಂಗಳದವರೆಗಿನ ಹೆದ್ದಾರಿ ಆರು ಪಥವಾದರೂ ವಿದ್ಯಾನಗರದಲ್ಲಿ ಕೆಲಸವಿರುವವರು ಇಳಿಯಬೇಕಾದದ್ದು ಸರ್ವಿಸ್ ರಸ್ತೆಗೇ. ಬೆಳಗಿನ ಹೊತ್ತು ಅಲ್ಲಿ ಆಟೋ, ಬಸ್ಸು, ಶಾಲೆಯ ವ್ಯಾನುಗಳ ನಡುವೆ ತೆವಳುವಾಗ ಟರ್ಬೊ ಇದ್ದೂ ಇಲ್ಲದಂತೆ, ಇದು ನಿಜ. 1,500 ಆರ್‌ಪಿಎಂಗಿಂತ ಕೆಳಗೆ ಹೊಗೆಯ ಒತ್ತಡ ಸಾಲದು, ಒಂದು ಲೀಟರಿನ ಸಣ್ಣ ಇಂಜಿನ್ ತನ್ನಷ್ಟಕ್ಕೆ ತಾನೇ ಎಳೆಯಬೇಕು, ಆಗ ಅದು ಸ್ವಲ್ಪ ಮಂಕು ಎನಿಸುತ್ತದೆ. ಆದರೆ ಒಂದನೇ ಗೇರಿನಲ್ಲಿ ತೆವಳುವಾಗ ಯಾವ ಗಾಡಿಗೆ ತಾನೇ ಶಕ್ತಿ ಬೇಕು? ಪೇಟೆಗೆ ಬೇಕಾದದ್ದು ನಾಲ್ಕು ಮೀಟರಿನೊಳಗಿನ ಉದ್ದ, ಹಗುರವಾದ ಸ್ಟೀರಿಂಗ್, ಕೋರ್ಟಿನ ಎದುರು ಎರಡು ಸ್ಕೂಟರಿನ ಪಕ್ಕ ಉಳಿದ ಜಾಗದಲ್ಲಿ ನಿಲ್ಲಿಸುವ ಅನುಕೂಲ. ಅದು ಈ ಗಾಡಿಯಲ್ಲಿದೆ. ಹೆಚ್ಚು ಶಕ್ತಿ ಬೇಕೆಂದು ಎತ್ತರದ ಎಸ್‌ಯುವಿ ಕೊಂಡವರು ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಪಾರ್ಕಿಂಗ್ ಹುಡುಕುತ್ತ ಸುತ್ತುವುದನ್ನು ನಾನು ವಾರವಾರವೂ ನೋಡುತ್ತೇನೆ.

ಮೈಲೇಜಿನ ಮಾತು ಬರುತ್ತದೆ, ಅದನ್ನೂ ಮುಗಿಸಿಬಿಡೋಣ. ಕ್ಯಾಟಲಾಗಿನಲ್ಲಿ ಲೀಟರಿಗೆ 20 ಎಂದು ಬರೆದದ್ದು ಪೇಟೆಯಲ್ಲಿ ಸಿಗುವುದಿಲ್ಲ, 12–13 ಸಿಗುತ್ತದೆ, ಹೆದ್ದಾರಿಯಲ್ಲಿ ಸಮವಾಗಿ ಓಡಿಸಿದರೆ ಚೆನ್ನಾಗಿ ಏರುತ್ತದೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್; ಎಥನಾಲಿನ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿನದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ, ಆ ನಷ್ಟ ಸಾದಾ ಇಂಜಿನ್ನಿಗೂ ತಪ್ಪಿದ್ದಲ್ಲ. ಟರ್ಬೊ ಇಂಜಿನ್ನಿನ ಖರ್ಚು ಕಾಲಿನ ಒತ್ತಡವನ್ನು ಅವಲಂಬಿಸಿದೆ, ಕಾಲು ಹಗುರವಾಗಿದ್ದರೆ ಅದು ಒಂದು ಲೀಟರಿನ ಇಂಜಿನ್ನಿನಷ್ಟೇ ಕುಡಿಯುತ್ತದೆ. ಏರಿನಲ್ಲಿ ಹೆಚ್ಚು ಕುಡಿಯುತ್ತದೆ, ಕುಡಿಯಲಿ, ಆಗಲೇ ಅದು ದುಡಿಯುವುದು.

ಒಪ್ಪಬೇಕಾದ ಒಂದೇ ಆಕ್ಷೇಪವೆಂದರೆ ಆರೈಕೆ. ಟರ್ಬೊದ ಕಡ್ಡಿ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ದಾಟಿ ತಿರುಗಬಲ್ಲದು ಮತ್ತು ಅದು ನಿಂತಿರುವುದು ತೆಳುವಾದ ಆಯಿಲ್ ಪದರದ ಮೇಲೆ. ಆದ್ದರಿಂದ ಅಗ್ಗದ ಆಯಿಲ್ ಹಾಕಿಸುವುದು, ಸರ್ವಿಸನ್ನು ಹಬ್ಬ ಕಳೆಯಲಿ, ಅಡಿಕೆ ಮಾರಲಿ ಎಂದು ಮುಂದೂಡುವುದು ಈ ಗಾಡಿಗೆ ಆಗದು. ಉದ್ದ ಏರನ್ನು ಹತ್ತಿ ಬಂದು ಕೂಡಲೇ ಕೀ ತಿರುಗಿಸಿ ಆರಿಸಬಾರದು, ಒಂದು ನಿಮಿಷ ಹಾಗೇ ಓಡಲು ಬಿಟ್ಟರೆ ಕಾದ ಟರ್ಬೊದೊಳಗೆ ಆಯಿಲ್ ಸುಟ್ಟು ಕಟ್ಟುವುದಿಲ್ಲ. ಮೈಲೇಜ್ ಉಳಿಸುವ ಆಸೆಯಲ್ಲಿ ಐದನೇ ಗೇರಿನಲ್ಲಿ ನಿಧಾನ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ತುಳಿಯುವ ನಮ್ಮವರ ಅಭ್ಯಾಸವೂ ಕೆಟ್ಟದ್ದು. ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಸಣ್ಣ ಟರ್ಬೊಗಳಲ್ಲಿ ಆಗ ಸ್ಪಾರ್ಕಿಗೆ ಮೊದಲೇ ಬೆಂಕಿ ಹೊತ್ತಿ ಪಿಸ್ಟನ್ನಿಗೆ ಪೆಟ್ಟು ಬೀಳುವ ಅಪಾಯವಿದೆ. ಗೇರು ಇಳಿಸಿ ತುಳಿದರೆ ಮುಗಿಯಿತು. 2020ರಲ್ಲಿ ಬಂದ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಪಿ ದರ್ಜೆಯ ಆಯಿಲನ್ನು ಈ ಅಪಾಯವನ್ನೂ ಗಮನದಲ್ಲಿಟ್ಟು ಪರೀಕ್ಷಿಸಿರುತ್ತಾರೆ, ಡಬ್ಬದ ಮೇಲೆ ಓದಿ ನೋಡಿ ಹಾಕಿಸಬಹುದು. ಮಕ್ಕಳ ಉತ್ತರಪತ್ರಿಕೆಯನ್ನು ಸಾಲುಸಾಲು ಓದಿ ತಿದ್ದುವ ಟೀಚರಿಗೆ ಇಷ್ಟು ಮಾಡಲಾಗದು ಎಂದು ನೀವು ಹೇಗೆ ತೀರ್ಮಾನಿಸಿದಿರಿ? ಇಷ್ಟು ಶಿಸ್ತು ಇರುವವರೇ ಈ ಗಾಡಿಗೆ ಸರಿಯಾದ ಯಜಮಾನರು.

ಆ ಯುವಕನನ್ನು ಮಾತ್ರ ದೂರಿ ಪ್ರಯೋಜನವಿಲ್ಲ ಎಂಬುದೂ ನನಗೆ ಗೊತ್ತು. ಈ ಗಾಡಿಗಳನ್ನು ತಯಾರಿಸಿದವರೇ ಅವುಗಳಿಗೆ ಹುಡುಗರ ವೇಷ ತೊಡಿಸಿದರು. ಮಾರುತಿಯ ಟರ್ಬೊ ಹ್ಯಾಚ್‌ಬ್ಯಾಕ್ ಬಲೆನೊ ಆರ್‌ಎಸ್ 2017ರಲ್ಲಿ ಬಂದು ಮೂರು ವರ್ಷವೂ ಪೂರ್ತಿ ಉಳಿಯಲಿಲ್ಲ. ಟರ್ಬೊ ಇದ್ದ ಫೋಕ್ಸ್‌ವ್ಯಾಗನ್ ಪೋಲೊದ ಮಾರಾಟವೂ 2022ರಲ್ಲಿ ನಿಂತುಹೋಯಿತು. ಐ20ಯಲ್ಲಿ 2023ರಿಂದ ಟರ್ಬೊ ಬೇಕಾದರೆ ಎನ್ ಲೈನ್ ಎಂಬ ಕೆಂಪು ಗೆರೆಗಳ ಸ್ಪೋರ್ಟ್ಸ್ ಮಾದರಿಯನ್ನೇ ಕೊಳ್ಳಬೇಕು. ಟಾಟಾದವರು 2024ರಲ್ಲಿ 120 ಪಿಎಸ್‌ನ ಟರ್ಬೊ ಹಾಕಿದ ಆಲ್ಟ್ರೋಜಿಗೆ ಬಾನೆಟ್ಟಿನ ಮೇಲೆ ಪಟ್ಟೆ ಎಳೆದು ರೇಸರ್ ಎಂದೇ ಹೆಸರಿಟ್ಟರು. ಸಾದಾ ರೂಪದಲ್ಲಿ, ಸಾದಾ ಬಣ್ಣದಲ್ಲಿ, ಮಧ್ಯಮ ದರ್ಜೆಯಲ್ಲಿ ಒಳ್ಳೆಯ ಎಳೆತದ ಹ್ಯಾಚ್‌ಬ್ಯಾಕ್ ಬೇಕೆನ್ನುವವರಿಗೆ ಅಂಗಡಿಯಲ್ಲಿ ಆಯ್ಕೆ ಬಹಳ ಕಡಿಮೆ. ಕೊಳ್ಳುವವರಿಲ್ಲ ಎಂದು ಕಂಪೆನಿಗಳು ಹೇಳಬಹುದು. ಕೊಳ್ಳಲು ಬಂದ ಟೀಚರನ್ನು ಬಾಗಿಲಲ್ಲೇ ತಿರುಗಿಸಿ ಕಳುಹಿಸಿದರೆ ಕೊಳ್ಳುವವರು ಎಲ್ಲಿಂದ ಹುಟ್ಟುತ್ತಾರೆ?

ಇಷ್ಟು ಹೊತ್ತು ಸುರಕ್ಷತೆ, ಎಳೆತ ಎಂದು ವಾದಿಸಿದೆ. ಇನ್ನೊಂದು ಮಾತನ್ನು ಮುಚ್ಚಿಡುವುದಿಲ್ಲ. ನನಗೆ ಆ ಗಾಡಿಯನ್ನು ಓಡಿಸುವುದೆಂದರೆ ಬಹಳ ಸಂತೋಷ. ದಿನವಿಡೀ ಬೇರೆಯವರ ಜಗಳಗಳನ್ನು ಹೊತ್ತು ನಿಂತು, ಕಡತಗಳನ್ನು ಹಿಂದಿನ ಸೀಟಿಗೆ ಎಸೆದು ಹೊರಟ ಮೇಲೆ, ಚೆರ್ಕಳದ ಗದ್ದಲ ಕಳೆದು ದಾರಿ ತೆರೆದಾಗ ಬೆನ್ನನ್ನು ಸೀಟಿಗೆ ಮೆತ್ತಗೆ ಒತ್ತುವ ಆ ಎಳೆತ ನನ್ನ ಮನಸ್ಸನ್ನು ಹಗುರ ಮಾಡುತ್ತದೆ. ನನಗೆ ಐವತ್ತು ದಾಟಿದೆ. ವೇಗದ ಮಿತಿಯೊಳಗೇ ಸಿಗುವ ಈ ಸಂತೋಷ ಇಪ್ಪತ್ತೈದರ ಹುಡುಗರಿಗೆ ಮಾತ್ರ ಮೀಸಲು ಎಂದು ಬರೆದವರು ಯಾರೂ ಇಲ್ಲ, ಬರೆದಿದ್ದರೂ ನಾನು ಒಪ್ಪುವವಳಲ್ಲ.

ಕಂಪೆನಿಗಳವರಿಗೆ ತೆರಿಗೆಯ ಅಡ್ಡಿಯೂ ಇಲ್ಲ. ನಾಲ್ಕು ಮೀಟರಿನೊಳಗಿನ, 1,200 ಸಿಸಿಯೊಳಗಿನ ಪೆಟ್ರೋಲ್ ಕಾರುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇಕಡ 18ಕ್ಕೆ ಇಳಿದಿದೆ, ಒಂದು ಲೀಟರಿನ ಟರ್ಬೊ ಹ್ಯಾಚ್‌ಬ್ಯಾಕ್ ಆ ಮಿತಿಯೊಳಗೆ ಸಲೀಸಾಗಿ ಕೂರುತ್ತದೆ. ಪಟ್ಟೆ ಬೇಡ, ಕೆಂಪು ಹೊಲಿಗೆ ಬೇಡ, ಗುಡುಗುವ ಸೈಲೆನ್ಸರ್ ಬೇಡ. ಬಿಳಿಯೋ ಬೂದಿಯೋ ಒಂದು ಬಣ್ಣ, ಆರು ಏರ್‌ಬ್ಯಾಗು, ಹಿಂದಿನ ಗಾಜಿಗೊಂದು ವೈಪರ್, ಕೈಯಲ್ಲಿ ಹಾಕುವ ಗೇರು, ಅದೇ ಟರ್ಬೊ ಇಂಜಿನ್. ಟೆಸ್ಟ್ ಡ್ರೈವಿಗೆ ಸರ್ವಿಸ್ ರಸ್ತೆಯಲ್ಲಿ ಎರಡು ಸುತ್ತು ಹೊಡೆಸಿ ಕಳುಹಿಸುವ ಬದಲು ನಾಲ್ಕು ಜನರನ್ನು ಕೂರಿಸಿ, ಎಸಿ ಹಾಕಿ, ಬದಿಯಡ್ಕದ ದಾರಿಯ ಏರಿಗೆ ಕೊಂಡೊಯ್ಯಲಿ, ಎರಡೂ ಇಂಜಿನ್ನುಗಳನ್ನು ಒಂದರ ಹಿಂದೆ ಒಂದು ಓಡಿಸಲು ಕೊಡಲಿ. ಯಾವುದು ಬೇಕೆಂದು ಓಡಿಸುವವರೇ ಹೇಳುತ್ತಾರೆ.